ಅಡುಗೆಮನೆ ಕಟ್ಟೆಗೆ ಬಂದ ಕಪ್ಪು ಕಲ್ಲು: ಗ್ರಾನೈಟೋ, ಕಡಪವೋ?

ತುಮಕೂರಿನವ:
ಕಟ್ಟೆಗೆ ಅಂತ ಕಪ್ಪು ಸ್ಲ್ಯಾಬ್ ಬಂದಿದೆ. ಬಿಲ್ಲಿನಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಅಂತಿದೆ. ಮೇಸ್ತ್ರಿ ಮಾತ್ರ ನೋಡಿದ ತಕ್ಷಣ "ಇದು ಕಡಪ ಸಾರ್" ಅಂದರು. ಮೇಲ್ಮೈ ಫಳಫಳ ಅನ್ನುತ್ತೆ, ಮುಟ್ಟಿದರೆ ಸ್ವಲ್ಪ ಜಿಡ್ಡು. ಕೂರಿಸುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡೋಕಾಗುತ್ತಾ?

ಸೇಡಂ ಫರಸಿ:
ಆ ಜಿಡ್ಡೇ ಅರ್ಧ ಹೇಳ್ತದ ನೋಡ್ರಿ. ಕಡಪಕ್ಕ ಎಣ್ಣಿ ಒರೆಸಿ ಕಪ್ಪು ಏರಿಸ್ತಾರ. ಹಂಗಾಗಿ ಮ್ಯಾಲಿನ ಹೊಳಪು ನಂಬಬ್ಯಾಡ್ರಿ, ಸ್ಲ್ಯಾಬ್ ತಿರುವಿ ತಳ ನೋಡ್ರಿ.

ನಮ್ಮ ಮನಿಯವರು ಶಾಬಾದಿ ಕಲ್ಲಿನ ಖಣಿಯೊಳಗ ದುಡದವರು. ಶಾಬಾದಿ, ಕಡಪ ಎರಡೂ ಸುಣ್ಣದಕಲ್ಲೇ. ಒಂದು ನಮ್ಮ ಭೀಮಾ ಸೀಮಿದು, ಇನ್ನೊಂದು ಆಂಧ್ರದ್ದು. ಸಮುದ್ರದ ತಳದಾಗ ಸುಣ್ಣದ ಕೆಸರು ಪದರ ಪದರಾಗಿ ಕುಂತು ಗಟ್ಟಿಯಾದದ್ದು. ಅದಕ್ಕೇ ಸಂದಿಗೆ ಉಳಿ ಕೊಟ್ರ ಚಪ್ಪಟಿ ಏಳ್ತದ. ಗ್ರಾನೈಟ್ ಹಂಗ ಏಳೂದಿಲ್ಲ, ಸ್ಲ್ಯಾಬ್ ಮಾಡಾಕ ಗರಗಸನೇ ಬೇಕು. ತಳದಾಗ ಗರಗಸದ ಗೀಟಿಲ್ಲದೆ ತಾನಾಗಿ ಎದ್ದ ಪದರ ಕಂಡ್ರ ಸಂಶಯ ಪಡ್ರಿ.

ಆಮ್ಯಾಲ ತಳದ ಒಂದು ಮೂಲಿ ಸೋಪು ಹಚ್ಚಿ ತೊಳದು, ಒಣಗಿಸಿ, ಚಾಕು ತಗೊಂಡು ಜೋರಾಗಿ ಗೀರ್ರಿ. ಸುಣ್ಣದಕಲ್ಲಿನೊಳಗಿನ ಕ್ಯಾಲ್ಸೈಟ್ ಅನ್ನೋ ಖನಿಜ, ಗಟ್ಟಿತನ 1ರಿಂದ 10ರ ತನಕ ಅಳಿಯೋ ಮೋಸ್ (Mohs) ಅಳತಿಯೊಳಗ ಬರೇ 3, ಪುಡಿ ಬೀಳ್ತದ. ಆ ಪುಡಿ ಮ್ಯಾಲೇ ಲಿಂಬಿ ರಸ ಹಿಂಡ್ರಿ. ಬರೀ ಕಲ್ಲಿನ ಮ್ಯಾಲ ಹಿಂಡಿದ್ರ ಗುಳ್ಳಿ ಕಣ್ಣಿಗೆ ಬೀಳೂದು ಕಷ್ಟ. ಬುರುಬುರು ಅಂದ್ರ ಮೇಸ್ತ್ರಿ ಮಾತು ಖರೆ. ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ಮನಿಯೊಳಗ ಬ್ಯಾಡ್ರಿ, ಹೊಗಿ ಗಂಟಲಿಗೆ ಹತ್ತತದ.

ಭೂವಿಜ್ಞಾನ ಎಂಎಸ್ಸಿ:
ಒಂದು ಮಾತು ಸೇರಿಸ್ತೀನಿ. ‘ಬ್ಲ್ಯಾಕ್ ಗ್ರಾನೈಟ್’ ಅನ್ನೋದು ವ್ಯಾಪಾರದ ಹೆಸರು. ಚಾಮರಾಜನಗರದ ಕಡೆಯಿಂದ ಬರುವ ಕಪ್ಪು ಕಲ್ಲು ಡಾಲರೈಟ್, ಅಂದರೆ ಕರಗಿದ ಶಿಲಾರಸ ತಣ್ಣಗಾಗಿ ಆದ ಅಗ್ನಿಶಿಲೆ. ಹಾಗಾಗಿ ಗ್ರಾನೈಟಿನ ಬಿಳಿ-ಗುಲಾಬಿ ಚುಕ್ಕೆ ಕಾಣಲಿಲ್ಲ ಅಂತ ಅಂಗಡಿಯವರನ್ನು ಬೈಯಬೇಡಿ. ಡಾಲರೈಟ್ ಚಾಕುವಿಗೆ ಸುಲಭಕ್ಕೆ ಜಗ್ಗಲ್ಲ, ನಿಂಬೆಗೂ ಅಷ್ಟೇ. ಪುಡಿ ಬಂದು ಗುಳ್ಳೆ ಬರದಿದ್ದರೆ ಸ್ಲೇಟೋ, ಸುಣ್ಣದಕಲ್ಲನ್ನೇ ಹೋಲುವ ಡಾಲಮೈಟ್ ಅನ್ನೋ ಕಲ್ಲೋ ಇರಬಹುದು.

ತುಮಕೂರಿನವ:
ಪುಡಿಯೂ ಬಂತು, ಗುಳ್ಳೆಯೂ ಬಂತು! ಹಾಗಾದ್ರೆ ಕಟ್ಟೆಗೆ ಹಾಕಲೇಬಾರದಾ?

ಸೇಡಂ ಫರಸಿ:
ಹಾಕಬಹುದ್ರಿ, ಆದ್ರ ಹುಣಸಿ ಹುಳಿ, ಲಿಂಬಿ ರಸ ಬಿದ್ದಲ್ಲೆಲ್ಲಾ ಹೊಳಪು ಹೋಗಿ ಕಲಿ ಉಳೀತದ. ನಾನಾದ್ರ ಇದನ್ನ ಪಾತ್ರಿ ಇಡೋ ಶೆಲ್ಫಿಗೆ ಹಾಕಸ್ತೀನಿ. ಬಿಲ್ಲಿನಾಗ ಗ್ರಾನೈಟ್ ಅಂತ ಬರದಾರಲ್ಲ, ಅದನ್ನ ಹಿಡಕೊಂಡು ಹೋಗಿ ರೊಕ್ಕದ ಮಾತು ಮೊದಲ ಮುಗಸ್ರಿ.