ಓದುಗರ ಸ್ಪಂದನ: ಮಧ್ಯಾಹ್ನ 2 ಗಂಟೆಗೆ ಮನೆಯಲ್ಲಿ ಯಾರಿರುತ್ತೀರಿ?

ಕಳೆದ ಸಂಚಿಕೆಯ ಸಮಸ್ಯೆ: ಮಗಳ ಜೊತೆ ನಾಯಿಗಳ ಆಶ್ರಯಧಾಮಕ್ಕೆ ಹೋಗಿದ್ದೆ. ಅಲ್ಲಿ 2 ವರ್ಷದ ಹೆಣ್ಣು ನಾಯಿಯೊಂದಿದೆ. ಗಾಡಿ ಗುದ್ದಿ ಬೆನ್ನುಮೂಳೆಗೆ ಪೆಟ್ಟಾಗಿದೆ, ಹಿಂದಿನ ಎರಡೂ ಕಾಲಿಗೆ ಸ್ವಾಧೀನವಿಲ್ಲ. ಮುಂಗಾಲಲ್ಲೇ ತೆವಳಿಕೊಂಡು ಬಂದು ನನ್ನ ಚಪ್ಪಲಿ ಮೇಲೆ ತಲೆಯಿಟ್ಟು ಮಲಗಿತು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮನೆಗೆ ತರೋಣ ಅಂತ ನನಗೂ 9 ವರ್ಷದ ಮಗಳಿಗೂ ಆಸೆ. ಆದರೆ ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಯಜಮಾನರು, 'ಒಂದು ತಿಂಗಳು ನೀನು ನೋಡ್ಕೋತೀಯ, ಆಮೇಲೆ ನನ್ನ ತಲೆಗೇ ಬರುತ್ತೆ' ಎನ್ನುತ್ತಾರೆ. ಏನು ಮಾಡಲಿ?

---

ಅಕ್ಕಾ, ನಮ್ಮನೆಯಲ್ಲೂ ಇಂಥದ್ದೇ ನಾಯಿ ಇದೆ. ಬಂದು 6 ವರ್ಷವಾಯಿತು. ನೀವು ಕಾಲಿನ ಬಗ್ಗೆ ಬರೆದಿದ್ದೀರಿ. ಕಾಲಿನದು ಅಷ್ಟು ದೊಡ್ಡ ಸಂಗತಿಯಲ್ಲ, ಮೊದಲು ಕೇಳಬೇಕಾದ್ದು ಮೂತ್ರಕೋಶದ ಬಗ್ಗೆ. ಬೆನ್ನುಮೂಳೆಗೆ ಪೆಟ್ಟಾದ ಎಷ್ಟೋ ನಾಯಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಆಗುವುದಿಲ್ಲ. ನಾವೇ ಹೊಟ್ಟೆ ಒತ್ತಿ ಖಾಲಿ ಮಾಡಿಸಬೇಕು. ದಿನಕ್ಕೆ 3ರಿಂದ 4 ಸಲ. ಭಾನುವಾರವೂ ಅಷ್ಟೇ, ನಿಮಗೆ ಜ್ವರ ಬಂದ ದಿನವೂ ಅಷ್ಟೇ.

ಹೇಗೆ ಅಂತ ಹೇಳುತ್ತೇನೆ. ನಾಯಿಯನ್ನು ನಿಲ್ಲಿಸಿ ನನ್ನ ತೊಡೆಗೆ ಒರಗಿಸಿಕೊಳ್ಳುತ್ತೇನೆ. ಹಿಂಗಾಲಿನ ಸ್ವಲ್ಪ ಮುಂದೆ, ಹೊಟ್ಟೆಯ ಎರಡೂ ಪಕ್ಕಕ್ಕೆ ಅಂಗೈ ಇಡುತ್ತೇನೆ. ಒಳಗೆ ನೀರು ತುಂಬಿದ ಬಲೂನಿನ ಹಾಗೆ ದುಂಡಗೆ ಕೈಗೆ ಸಿಗುತ್ತದೆ. ಅದನ್ನು ನಿಧಾನವಾಗಿ, ಒಂದೇ ಸಮ ಒತ್ತಬೇಕು. ಬೆರಳ ತುದಿಯಿಂದ ಚುಚ್ಚಬಾರದು. ಕೇಳಲು ಸುಲಭ. ಮೊದಲ ವಾರ ನಾನು ಹಿಡಿದಿದ್ದೆಲ್ಲ ಬರೀ ಕರುಳು. ಕೊನೆಗೆ ವೈದ್ಯರು ನನ್ನ ಕೈ ಮೇಲೆ ತಮ್ಮ ಕೈಯಿಟ್ಟು ಒತ್ತಿ ತೋರಿಸಿದರು. ಇದು ಓದಿ ಕಲಿಯುವ ವಿದ್ಯೆಯಲ್ಲ. ನೀವೂ ಹಾಗೇ ಕಲಿಯಿರಿ, ನಾನು ಬರೆದಿದ್ದನ್ನು ನೋಡಿಕೊಂಡು ಒತ್ತಲು ಹೋಗಬೇಡಿ.

ಇನ್ನೊಂದು ಮೋಸವಿದೆ. 'ಅದು ತಾನಾಗೇ ಹೊಯ್ಯುತ್ತೆ, ಬಟ್ಟೆ ಒದ್ದೆಯಾಗಿರುತ್ತೆ' ಅಂತ ಯಾರಾದರೂ ಹೇಳಿದರೆ ನಂಬಿಬಿಡಬೇಡಿ. ಕೊಡ ತುಂಬಿ ಚೆಲ್ಲುವ ಹಾಗೆ, ಮೂತ್ರಕೋಶ ತುಂಬಿ ತುಳುಕುತ್ತಿರಬಹುದು. ಒಳಗೆ ಹಾಗೇ ನಿಂತರೆ ಸೋಂಕು. ವಾಸನೆ ಬದಲಾಯಿತಾ, ಬಣ್ಣ ಕದಡಿತಾ, ರಕ್ತ ಕಂಡಿತಾ, ಅವತ್ತೇ ವೈದ್ಯರಿಗೆ ತೋರಿಸಬೇಕು. ನಮ್ಮ ನಾಯಿಗೆ ಮೊದಲ ವರ್ಷ 4 ಸಲ ಸೋಂಕಾಯಿತು.

ಹಿಂಗಾಲಿಗೆ ಆಸರೆಯಾಗಿ ಕಟ್ಟುವ ಗಾಲಿ ಗಾಡಿ ಖಂಡಿತ ಮಾಡಿಸಿ, ಅಳತೆ ಕೊಟ್ಟೇ ಮಾಡಿಸಿ. ಕಟ್ಟಿದ ಮೊದಲ ದಿನ ನಮ್ಮ ಹುಡುಗಿ ಕಲ್ಲಿನ ಹಾಗೆ ನಿಂತುಬಿಟ್ಟಳು. ಮೂರನೇ ದಿನ ಬಾಗಿಲ ಚೌಕಟ್ಟಿಗೆ ಗಾಲಿ ಸಿಕ್ಕಿಸಿಕೊಂಡು ಬೊಗಳಿದಳು. ಬಿಡಿಸಿದೆ. ಮತ್ತೆ ಹೋಗಿ ಅಲ್ಲೇ ಸಿಕ್ಕಿಸಿಕೊಂಡಳು. ಗಾಡಿಯಲ್ಲಿ ಮಲಗಲು ಆಗುವುದಿಲ್ಲ, ಹಾಗಾಗಿ ಮೊದಮೊದಲು 10 ನಿಮಿಷ ಸಾಕು. ಕಟ್ಟಿಬಿಟ್ಟು ಕೆಲಸಕ್ಕೆ ಹೋಗುವ ಹಾಗೇ ಇಲ್ಲ.

ಹಾಗಾಗಿ ನಿಮಗೆ ನನ್ನದೊಂದೇ ಪ್ರಶ್ನೆ. ಮಧ್ಯಾಹ್ನ 2 ಗಂಟೆಗೆ ಮನೆಯಲ್ಲಿ ಯಾರಿರುತ್ತೀರಿ? ಅದಕ್ಕೆ ಉತ್ತರ ಸಿಕ್ಕಿದರೆ ತನ್ನಿ.

– ಗಾಲಿ ಹುಡುಗಿಯ ಅಮ್ಮ

---

ನಾನು ನಿವೃತ್ತ ಪಶುವೈದ್ಯ. ಪೆಟ್ಟಾದಾಗ ತೆಗೆದ ಎಕ್ಸ್-ರೇ ಇದೆಯಾ ಅಂತ ಮೊದಲು ಕೇಳಿ. ಬೆನ್ನಿನಲ್ಲಿ ಎಲ್ಲಿ ಪೆಟ್ಟಾಗಿದೆ ಎನ್ನುವುದರ ಮೇಲೆ ನಿಮ್ಮ ದಿನಚರಿ ನಿಂತಿದೆ. ಸೊಂಟದ ಕಡೆಯ ಕೊನೆ ಭಾಗದಲ್ಲಿ ಪೆಟ್ಟಾಗಿದ್ದರೆ ಮೂತ್ರಕೋಶ ಸಡಿಲವಾಗಿ ಸೋರುತ್ತಿರುತ್ತದೆ, ಒತ್ತುವುದು ಸುಲಭ. ಅದಕ್ಕಿಂತ ಮೇಲೆ ಆಗಿದ್ದರೆ ಬಿಗಿಯಾಗಿರುತ್ತದೆ, ಕೆಲವಕ್ಕೆ ಔಷಧಿಯೂ ಬೇಕಾಗುತ್ತದೆ.

ಎರಡನೆಯದು, ನೋವಿನ ಪರೀಕ್ಷೆ ಮಾಡಿದ್ದಾರಾ? ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದಾಗ ಕಾಲು ಎಳೆದುಕೊಂಡರೆ ಜನ ಖುಷಿಪಡುತ್ತಾರೆ. ಅದು ಬರೀ ಪ್ರತಿವರ್ತನೆ ಇರಬಹುದು, ಮಿದುಳಿಗೆ ಏನೂ ತಲುಪದೆಯೂ ಕಾಲು ಎಳೆದುಕೊಳ್ಳುತ್ತದೆ. ನಾಯಿ ತಿರುಗಿ ನೋಡಿತಾ, ಕುಂಯ್‌ಗುಟ್ಟಿತಾ, ಅದು ಮುಖ್ಯ. ತಿಂಗಳುಗಟ್ಟಲೆ ಕಳೆದ ಮೇಲೂ ನೋವು ಗೊತ್ತಾಗುತ್ತಿಲ್ಲವಾದರೆ ಮತ್ತೆ ಮೊದಲಿನಂತೆ ನಡೆದೀತು ಎಂಬ ಆಸೆ ಇಟ್ಟುಕೊಂಡು ತರಬೇಡಿ. ಈಗ ಹೇಗಿದೆಯೋ ಹಾಗೇ ಇಷ್ಟವಾದರೆ ತನ್ನಿ.

– ಒಬ್ಬ ಪಶುವೈದ್ಯ

---

ನಾನು ವಾಪಸು ಕೊಟ್ಟವನು. ಇದನ್ನು ಬರೆಯಲು ಎರಡು ದಿನ ಹಿಡಿಯಿತು.

ನಾವು ತಂದಿದ್ದು ಮೂರ್ಛೆ ರೋಗದ ನಾಯಿ. ಮಾತ್ರೆ 12 ಗಂಟೆಗೊಮ್ಮೆ, ಬೆಳಿಗ್ಗೆ 8, ರಾತ್ರಿ 8. ಇದನ್ನು ತಪ್ಪಿಸುವ ಹಾಗಿಲ್ಲ, ತಟ್ಟನೆ ನಿಲ್ಲಿಸುವ ಹಾಗಂತೂ ಇಲ್ಲವೇ ಇಲ್ಲ. ಇಷ್ಟೇ ತಾನೇ ಅಂದುಕೊಂಡೆ. ಎರಡನೇ ವಾರ ನನಗೆ ಶಿಫ್ಟ್ ಬದಲಾಯಿತು. ಒಂದು ದಿನ ಮಾತ್ರೆ ರಾತ್ರಿ 11ಕ್ಕೆ ಹೋಯಿತು, ಇನ್ನೊಂದು ದಿನ ಹೋಗಲೇ ಇಲ್ಲ. ಮರುದಿನ ನಸುಕಿಗೆ ಫಿಟ್ಸ್ ಬಂತು. ಆ ಹೊತ್ತಲ್ಲಿ ಬಾಯಿಗೆ ಕೈ ಹಾಕಬಾರದು, ಸುತ್ತಲಿನ ಸಾಮಾನು ಸರಿಸಿ ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು. ಇದೆಲ್ಲ ಹೇಳಿಕೊಟ್ಟಿದ್ದರು. ನಾನು ಗಡಿಯಾರ ನೋಡುತ್ತಾ ಅಳುತ್ತಾ ಕೂತಿದ್ದೆ. 3 ನಿಮಿಷಕ್ಕೆ ನಿಂತಿತು. 23ನೇ ದಿನ ವಾಪಸು ಬಿಟ್ಟು ಬಂದೆ.

ಆಶ್ರಯಧಾಮದವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ನಾಯಿ ನನ್ನ ಹಿಂದೆ ಗೇಟಿನವರೆಗೂ ಬಂತು.

ನನ್ನ ಹೆಂಡತಿ ನಿಮ್ಮ ಯಜಮಾನರ ಮಾತನ್ನೇ ಹೇಳಿದ್ದಳು. ಮನಸ್ಸು ಕಲ್ಲು ಅಂತ ಅವಳಿಗೇ ಅಂದೆ. ನೀವು ಹಾಗನ್ನಬೇಡಿ, ಮೇಡಂ. ಅವರು ಗಂಟೆ ಲೆಕ್ಕ ಹಾಕುತ್ತಿದ್ದಾರೆ, ಅಷ್ಟೇ.

– ಹೆಸರು ಬೇಡ

---

ಎಲ್ಲರೂ ಹೀಗೆ ಹೆದರಿಸೋದು ಗೊತ್ತು, ಅದಕ್ಕೇ ಬರೀತಿದ್ದೇನೆ! ನಮ್ಮದು ಮೂರು ಕಾಲಿನ ನಾಯಿ, ಒಂದು ಮುಂಗಾಲೇ ಇಲ್ಲ. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಬೀಳುತ್ತೆ, ಹಾಗಾಗಿ ಹಿಂಗಾಲು ಹೋದದ್ದಕ್ಕಿಂತ ಇದು ಕಷ್ಟ ಅಂದಿದ್ದರು. ಮೈ ಬರದ ಹಾಗೆ ನೋಡಿಕೊಂಡಿದ್ದೇವೆ, ಜಾರುವ ನೆಲಕ್ಕೆ ಮ್ಯಾಟ್ ಹಾಸಿದ್ದೇವೆ. ಅಷ್ಟು ಬಿಟ್ಟರೆ ಅದಕ್ಕೆ ತನಗೊಂದು ಕಾಲಿಲ್ಲ ಅನ್ನೋದೇ ನೆನಪಿಲ್ಲ. ಬೆಕ್ಕು ಕಂಡರೆ ಕೈಗೆ ಸಿಗಲ್ಲ. ನಿಮ್ಮ ನಾಯಿಯದು ಬೇರೆ ಥರದ ಕಷ್ಟ, ಒಪ್ಪುತ್ತೇನೆ. ಆದರೂ ಸುಮ್ನೆ ಕೂತು ಯೋಚಿಸುತ್ತಾ ಇದ್ದರೆ ಯಾವ ನಾಯಿಯೂ ಮನೆಗೆ ಬರಲ್ಲ.

– ಮೂರು ಕಾಲಿನವನ ಕಡೆಯವರು

---

ನಾನು 11 ವರ್ಷದ ಹುಡುಗ. ನಮ್ಮ ನಾಯಿಗೆ ಕಣ್ಣು ಕಾಣಲ್ಲ. ಮುಟ್ಟೋ ಮೊದಲು ಹೆಸರು ಕರೆಯಬೇಕು, ಇಲ್ಲಾಂದ್ರೆ ಬೆಚ್ಚುತ್ತೆ. ಸಾಮಾನು ಆ ಕಡೆ ಈ ಕಡೆ ಇಡಬಾರದು. ನಾನು ಶಾಲೆ ಬ್ಯಾಗ್ ನಡುಮನೆಯಲ್ಲಿ ಎಸೆದಿದ್ದಕ್ಕೆ ಒಂದು ಸಲ ಗುದ್ದಿಕೊಂಡು ಬಿತ್ತು. ಈಗ ಬ್ಯಾಗ್ ಜಾಗದಲ್ಲೇ ಇಡ್ತೀನಿ. ನಾಯಿಗಿಂತ ಜಾಸ್ತಿ ಖುಷಿ ಅಮ್ಮನಿಗೆ.

---

ಆಶ್ರಯಧಾಮದಲ್ಲಿ ಸ್ವಯಂಸೇವಕಿಯಾಗಿರುವವಳು ನಾನು. ನಿಮ್ಮ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡೇ ಉತ್ತರ ಇಲ್ಲ. ಎರಡು ವಾರ ತಾತ್ಕಾಲಿಕವಾಗಿ ಸಾಕಲು ಕೊಡುತ್ತೀರಾ ಅಂತ ಕೇಳಿ. ಅನೇಕ ಕಡೆ ಒಪ್ಪುತ್ತಾರೆ. ಅದಕ್ಕೂ ಮೊದಲು ನಾಲ್ಕೈದು ದಿನ ಅಲ್ಲಿಗೇ ಹೋಗಿ ಒತ್ತುವುದು, ಒರೆಸುವುದು, ಗಾಡಿಗೆ ಕಟ್ಟುವುದು ಎಲ್ಲ ಮಾಡಿ ನೋಡಿ. ನೀವೊಬ್ಬರೇ ಅಲ್ಲ, ಯಜಮಾನರೂ ಬರಲಿ. ಒಬ್ಬರಿಗೇ ಗೊತ್ತಿರುವ ಕೆಲಸ ಆದರೆ ಆ ಒಬ್ಬರು ಮದುವೆ ಮನೆಗೂ ಹೋಗುವ ಹಾಗಿಲ್ಲ. ದುಡ್ಡು ಕೊಟ್ಟು ನಾಯಿ ಬಿಡುವ ಕಡೆಯಲ್ಲೂ ಒತ್ತಿಸಬೇಕಾದ ನಾಯಿ ಅಂದರೆ ಹಿಂದೆ ಸರಿಯುವವರೇ ಜಾಸ್ತಿ.

ನಮ್ಮಲ್ಲಿ 3 ದಿನ, 3 ವಾರ, 3 ತಿಂಗಳು ಎಂಬ ಮಾತಿದೆ. 3 ದಿನ ಹೆದರಿಕೆ, 3 ವಾರಕ್ಕೆ ಮನೆಯ ಹೊತ್ತುಗೊತ್ತು ಅಭ್ಯಾಸ, 3 ತಿಂಗಳಿಗೆ ಇದು ನನ್ನ ಮನೆ ಅನ್ನುವ ಭಾವ. ಪ್ರತಿ ನಾಯಿಯೂ ಕ್ಯಾಲೆಂಡರ್ ನೋಡಿಕೊಂಡೇ ನಡೆಯುವುದಿಲ್ಲ ಬಿಡಿ. ಚಪ್ಪಲಿ ಮೇಲೆ ತಲೆಯಿಟ್ಟ ನಾಯಿ ಮನೆಗೆ ಬಂದ ಮೊದಲ ರಾತ್ರಿ ಮಂಚದ ಕೆಳಗಿಂದ ಗುರ್ ಅನ್ನಬಹುದು.

ಮಗಳಿಗೆ ಎತ್ತಲು ಬಿಡಬೇಡಿ. ಬೆನ್ನು ನೊಂದರೆ ಎಂಥ ಸಾಧು ನಾಯಿಯೂ ಕಚ್ಚೀತು. ಅವಳ ಕೈಗೊಂದು ನೋಟ್‌ಬುಕ್ ಕೊಡಿ, ಎಷ್ಟು ಹೊತ್ತಿಗೆ ಒತ್ತಿದ್ದು, ಬಣ್ಣ ಹೇಗಿತ್ತು, ಚರ್ಮ ಎಲ್ಲಾದರೂ ಕೆಂಪಾಗಿದೆಯಾ ಅಂತ ಬರೆದಿಡಲಿ. ನೆಲಕ್ಕೆ ಉಜ್ಜುವ ಜಾಗದಲ್ಲಿ ಹುಣ್ಣು ಏಳುವ ಮೊದಲು ಕಣ್ಣಿಗೆ ಬೀಳುವುದು ಆ ಕೆಂಪೇ. ದೊಡ್ಡವರಿಗಿಂತ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ.

– ಶನಿವಾರದ ಸ್ವಯಂಸೇವಕಿ

---

ಯಜಮಾನರ ಪರವಾಗಿ ಒಬ್ಬರಾದರೂ ಬರೆಯಬೇಡವೇ? ಇವರ ಭಯ ನಮ್ಮನೆಯಲ್ಲಿ ನಿಜವಾಯಿತು. ಒಂದು ತಿಂಗಳು ಹೆಂಡತಿ ನೋಡಿಕೊಂಡಳು, ಆಮೇಲೆ ನನ್ನ ತಲೆಗೇ ಬಂತು. ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ಈಗ ಒತ್ತುವುದು ಬೆಳಿಗ್ಗೆ 6ಕ್ಕೆ ನಾನು, ಮಧ್ಯಾಹ್ನ 2ಕ್ಕೆ ಪಕ್ಕದ ಮನೆಯ ಅಜ್ಜಿ, ರಾತ್ರಿ 10ಕ್ಕೆ ಮತ್ತೆ ನಾನು. ಅಜ್ಜಿ ಎರಡೇ ದಿನಕ್ಕೆ ಕಲಿತರು, ನನಗೆ ಎರಡು ವಾರ ಬೇಕಾಯಿತು. 'ಮೊಮ್ಮಕ್ಕಳಿಗೆ ಎಷ್ಟು ಮಾಡಿಲ್ಲ' ಅಂತಾರೆ. ಈಗ ಅಜ್ಜಿಯ ಚಪ್ಪಲಿ ಸದ್ದು ಕೇಳಿದರೆ ಸಾಕು, ನಾಯಿ ತೆವಳಿಕೊಂಡು ಬಚ್ಚಲ ಬಾಗಿಲಿಗೆ ಹೋಗಿ ಕಾಯುತ್ತದೆ. ನಾನು ಬಂದರೆ ಜಾಗ ಬಿಟ್ಟು ಕದಲುವುದಿಲ್ಲ, ಎತ್ತಿಕೊಂಡೇ ಹೋಗಬೇಕು.

ನಿಮ್ಮ ಅಕ್ಕಪಕ್ಕ ಅಂಥ ಅಜ್ಜಿ ಇದ್ದಾರಾ ನೋಡಿ. ಆಮೇಲೆ ಆಶ್ರಯಧಾಮಕ್ಕೆ ಫೋನ್ ಮಾಡಿ.

– ಸೋತ ಯಜಮಾನ