ಮುಂದಿನ ವಾರ ಮೋಲ್ಡ್: ವೈರಿಂಗ್ ಪಾಯಿಂಟ್ ಎಲ್ಲೆಲ್ಲಿ ಬಿಡಬೇಕು?

ಪ್ರಶ್ನೆ (ತಿಪಟೂರಿನಿಂದ):
30-40 ಸೈಟಿನಲ್ಲಿ ಎರಡು ಬೆಡ್‌ರೂಮಿನ ಮನೆ ಕಟ್ಟಿಸುತ್ತಿದ್ದೇನೆ. ಗುರುವಾರ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕುತ್ತಾರೆ. ಅಷ್ಟರಲ್ಲಿ ಪೈಪ್ ಹಾಕಬೇಕು, ಪಾಯಿಂಟ್ ಹೇಳಿ ಅಂತ ಎಲೆಕ್ಟ್ರಿಷಿಯನ್ ಕೇಳುತ್ತಿದ್ದಾರೆ.

ಇಷ್ಟು ದಿನ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ಒಂದು ದಿನ ಗೀಸರ್ ಸಾಕೆಟ್ ಕರಗಿಹೋಯಿತು. ಬಿಚ್ಚಿ ನೋಡಿದರೆ ವೈರಿನ ತುದಿ ಕಪ್ಪಗಾಗಿತ್ತು, ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅರ್ಥಿಂಗ್ ತೂತಿನ ಹಿಂದೆ ವೈರೇ ಇರಲಿಲ್ಲ. ಅದೇ ಬಾತ್‌ರೂಮಿನಲ್ಲಿ ಅಮ್ಮ ದಿನಾ ಸ್ನಾನ ಮಾಡುತ್ತಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಸ್ವಂತ ಮನೆಯಲ್ಲಿ ಹಾಗಾಗಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ 1 (ದಾವಣಗೆರೆ, ವೈರಿಂಗ್ ಕೆಲಸ ಮಾಡುವವನು):
ಸರ್, ಬೆಳಿಗ್ಗೆ ಏಳು ಗಂಟೆಯಿಂದ ಶುರು ಮಾಡಿ. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಏನೇನು ಓಡುತ್ತದೆ? ಗೀಸರ್ 2000 ವ್ಯಾಟ್, ಇಂಡಕ್ಷನ್ ಒಲೆ 2000, ಐರನ್ ಬಾಕ್ಸ್ 1000, ಮಿಕ್ಸಿ 750. ಸಂಪಿನ ಮೋಟಾರ್ ಇನ್ನೊಂದು ಸಾವಿರ. ಒಟ್ಟು 6750. 230 ವೋಲ್ಟಿನಿಂದ ಭಾಗಿಸಿದರೆ 29 ಆಂಪ್ಸ್ ದಾಟುತ್ತದೆ. ಮೀಟರಿಗೆ ಅರ್ಜಿ ಹಾಕುವಾಗ ಈ ಲೆಕ್ಕ ಕೈಯಲ್ಲಿರಲಿ. ಸುಮ್ನೆ 2 ಕಿಲೋವ್ಯಾಟ್ ಬರೆಸಬೇಡಿ.

ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ ವೈರು ಸಾಕು. 16 ಆಂಪ್ಸ್ ಸಾಕೆಟ್‌ಗಳಿಗೆ 2.5. ಗೀಸರಿಗೆ, ಏಸಿಗೆ ಡಿಬಿಯಿಂದಲೇ (ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಬೇರೆ ಬೇರೆ 4 ಸ್ಕ್ವೇರ್ ಎಂಎಂ ವೈರು ಎಳೆಯಿರಿ, ಒಂದೊಂದಕ್ಕೂ ಅದರದೇ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್). ನಿಮ್ಮ ಬಾಡಿಗೆ ಮನೆಯಲ್ಲಿ ಲೈಟಿನ ವೈರಿನಿಂದಲೇ ಗೀಸರಿಗೆ ಕೊಟ್ಟಿದ್ದರೋ ಏನೋ. ಸ್ಕ್ರೂ ಸಡಿಲ ಇದ್ದರೂ ಹಾಗೆ ಸುಡುತ್ತದೆ.

ಇನ್ನು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್. ದುಡ್ಡು ಜಾಸ್ತಿ ಆಯ್ತು ಅಂತ ಎಷ್ಟೋ ಜನ ಇದನ್ನೇ ಬಿಡಿಸುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ ಬೇರೆ ಕಡೆ ಸೋರಿದರೆ, 30 ಮಿಲಿ ಆಂಪ್ಸ್ ಆಗುವಷ್ಟರಲ್ಲಿ ಆರ್‌ಸಿಸಿಬಿ ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಅಮ್ಮನ ವಿಷಯ ಬರೆದಿದ್ದೀರಲ್ಲ, ಅದಕ್ಕೇ ಇದು ಬೇಕು.

ಉತ್ತರ 2 (ಮೈಸೂರು):
ಅಡುಗೆಮನೆ ಪಾಯಿಂಟನ್ನು ನಿಮ್ಮ ಅಮ್ಮನ ಹತ್ತಿರವೇ ಕೇಳಿ ಅಣ್ಣ. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಮಿಕ್ಸಿ ಸಾಕೆಟ್ ಸಿಂಕಿನ ಪಕ್ಕ ಬಂತು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಕು ಅಂತ ಒಂಬತ್ತು ವರ್ಷದಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೇನೆ. ಕಟ್ಟೆಯಿಂದ ಒಂದಡಿ ಮೇಲೆ, ಸಿಂಕಿನಿಂದ ದೂರ, ಮೂರು ಸಾಕೆಟ್ ಇರಲಿ. ಫ್ರಿಡ್ಜು, ನೀರಿನ ಫಿಲ್ಟರ್ ಬೇರೆ. ಅಮ್ಮನ ಮಂಚದ ಪಕ್ಕ ಟೂ ವೇ ಸ್ವಿಚ್ (ಒಂದೇ ಲೈಟನ್ನು ಎರಡು ಕಡೆಯಿಂದ ಹಾಕಿ ಆರಿಸುವಂಥದ್ದು) ಹಾಕಿಸಿ, ರಾತ್ರಿ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಉತ್ತರ 3 (ಹುಬ್ಬಳ್ಳಿ):
ಯುಪಿಎಸ್ ಇಡೋದಿದ್ರ ಅದರ ನ್ಯೂಟ್ರಲ್ ಬ್ಯಾರೇನ ಎಳಸ್ರಿ. ಉಳಿದ ನ್ಯೂಟ್ರಲ್ ಜೋಡಿ ಕೂಡಿಸಿದ್ರ ಆರ್‌ಸಿಸಿಬಿ ಸುಮ್‌ಸುಮ್ನ ಬೀಳತದ. ಆಮ್ಯಾಲೆ ಬ್ಯಾಸತ್ತು ಅದನ್ನ ತೆಗಸೇ ಬಿಡ್ತಾರ. ನಮ್ಮನ್ಯಾಗ ಹಂಗ ಆಗಿತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆ ಅಮ್ಮನನ್ನೂ ಸೈಟಿಗೆ ಕರೆದುಕೊಂಡು ಹೋಗಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ದಾವಣಗೆರೆ ಅಣ್ಣ, ಅರ್ಥಿಂಗ್ ಗುಂಡಿ ಎಲ್ಲಿ ತೆಗೆಸಲಿ?

ಉತ್ತರ 1:
ಗೋಡೆಯಿಂದ ಐದಡಿಯಾದರೂ ದೂರ, ನೀರು ಹಾಕಲು ಸುಲಭ ಆಗುವ ಜಾಗದಲ್ಲಿ. ಎರಡು ಗುಂಡಿ ತೆಗೆಸಿ. ಗುರುವಾರ ತಾರಸಿಗೆ ಒಂದು ಖಾಲಿ ಪೈಪ್ ಬಿಡಿ, ಮುಂದೆ ಸೋಲಾರ್ ಹಾಕಿಸಬಹುದು. ಕಾರು ನಿಲ್ಲಿಸುವ ಕಡೆಗೂ ಒಂದು ಖಾಲಿ ಪೈಪ್, ಮುಂದೆ ಎಲೆಕ್ಟ್ರಿಕ್ ಕಾರು ಬಂದರೆ ಚಾರ್ಜ್ ಮಾಡಲು. ಪ್ಲಾಸ್ಟರಿಂಗ್ ಮಾಡುವ ಮೊದಲು ಪ್ರತಿ ಗೋಡೆಗೂ ಟೇಪ್ ಹಿಡಿದು ಪೈಪ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಆಮೇಲೆ ದೇವರ ಫೋಟೋಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.