ಗ್ರಾಂಪ್ಸ್‌ನಲ್ಲಿ ಮದುವೆ ಸಾಕ್ಷಿಗಳನ್ನ ಎಲ್ಲಿ ಹಾಕೋದು? ನೆಂಟ್ರಲ್ಲ, ಆದ್ರೂ ಬಿಡಕ್ಕೆ ಮನಸ್ಸಿಲ್ಲ

ಸಕ್ಕರೆನಾಡು_ಹೈದ, ಮಂಡ್ಯ
ಎಲ್ರಿಗೂ ನಮಸ್ಕಾರ. ನಮ್ಮನೆ ವಂಶವೃಕ್ಷ ಗ್ರಾಂಪ್ಸ್ ಅನ್ನೋ ವಂಶಾವಳಿ ಸಾಫ್ಟ್‌ವೇರ್‌ನಲ್ಲಿ ಹಾಕ್ತಾ ಇದೀನಿ, ಅಪ್ಪನ ಕಡೇದು ಐದು ತಲೆಮಾರು ಆಯ್ತು, ಈಗ ಚಿಕ್ಕಪ್ಪನ ಮದುವೆ ಹತ್ರ ಸಿಕ್ಕಾಕೊಂಡಿದೀನಿ. ಅವ್ರದ್ದು ಬೇರೆ ಜಾತಿ ಮದುವೆ, ಮನೇಲಿ ಯಾರೂ ಒಪ್ಪಿರ್ಲಿಲ್ಲ, ಮೈಸೂರಲ್ಲಿ ರಿಜಿಸ್ಟರ್ ಮಾಡ್ಕೊಂಡಿದ್ರು. ಮೊನ್ನೆ ಚಿಕ್ಕಮ್ಮ ಟ್ರಂಕಿಂದ ಸರ್ಟಿಫಿಕೇಟ್ ತೆಗೆದು ಕೊಟ್ರು, ಮೂರು ಜನ ಸಾಕ್ಷಿ ಸಹಿ ಇದೆ, ಮೂರೂ ಜನ ನಮ್ಮೋರಲ್ಲ. ಸದ್ಯಕ್ಕೆ ನೋಟ್‌ನಲ್ಲಿ ಬರೆದಿಟ್ಟಿದೀನಿ ಆದ್ರೆ ಜನರ ಪಟ್ಟೀಲಿ ಹುಡುಕಿದ್ರೆ ಬರಲ್ಲ. ಅಸೋಸಿಯೇಷನ್ ಟ್ಯಾಬಲ್ಲಿ ಹಾಕಿದ್ರೆ ಚಿಕ್ಕಪ್ಪಂಗೆ ಮಾತ್ರ ಅಂಟ್ಕೊಳುತ್ತೆ, ಯಾವ ಮದುವೆ ಅಂತ ಇರಲ್ಲ. ನಮ್ಮಣ್ಣ ಅಂತೂ "ಬೀದೀಲಿ ಹೋಗೋರ್ನೆಲ್ಲ ವಂಶಕ್ಕೆ ಸೇರುಸ್ತೀಯೇನ್ಲಾ" ಅಂತಾನೆ.

ಕುಕ್ಕರಹಳ್ಳಿ_ವಾಕಿಂಗ್, ಮೈಸೂರು
ಅಣ್ಣಂಗೆ ಹೇಳಿ, ಹೆಸ್ರು ಸೇರ್ಸಿದ ತಕ್ಷಣ ವಂಶಕ್ಕೆ ಸೇರಲ್ಲ. ಅಪ್ಪ ಅಮ್ಮ ಹೆಂಡ್ತಿ ಯಾರ್ನೂ ಕೊಡ್ದೆ ಒಬ್ರನ್ನ ಒಂಟಿಯಾಗಿ ಇಟ್ರೆ ವಂಶವೃಕ್ಷದ ಚಾರ್ಟಲ್ಲಿ ಬರೋದೇ ಇಲ್ಲ. ಮದುವೆ ಅನ್ನೋದು ಅಲ್ಲಿ ಒಂದು ಈವೆಂಟ್, ಚಿಕ್ಕಪ್ಪ ಚಿಕ್ಕಮ್ಮನ ಫ್ಯಾಮಿಲಿಗೆ ಅದನ್ನ ಆಗ್ಲೇ ಹಾಕಿರ್ತೀರಿ, ಈಗ ಸಾಕ್ಷಿಯವರ ರೆಕಾರ್ಡ್ ತೆಗೆದು ಈವೆಂಟ್ಸ್ ಟ್ಯಾಬಿಗೆ ಹೋಗಿ, ಪ್ಲಸ್ ಒತ್ತಬೇಡಿ ಮತ್ತೆ, ಒತ್ತಿದ್ರೆ ಹೊಸ ಮದುವೆ ಹುಟ್ಕೊಳುತ್ತೆ (ನಾನು ನಮ್ ತಾತಂಗೆ ಹಿಂಗೇ ಮೂರು ಮದುವೆ ಮಾಡ್ಸಿದ್ದೆ), ಇರೋ ಈವೆಂಟನ್ನೇ ಶೇರ್ ಮಾಡೋ ಬಟನ್ ಇದೆ, ಅದರಲ್ಲಿ ಆ ಮದುವೆ ಆರಿಸಿ ರೋಲ್ ಅಂತಿರೋ ಕಡೆ ವಿಟ್ನೆಸ್ ಕೊಡಿ. ಆಮೇಲೆ ಮದುವೆ ಈವೆಂಟ್ ತೆಗೆದು ರೆಫರೆನ್ಸಸ್ ಟ್ಯಾಬ್ ನೋಡಿದ್ರೆ ದಂಪತಿ, ಸಾಕ್ಷಿಗಳು ಎಲ್ಲ ಒಂದೇ ಕಡೆ ಸಿಗ್ತಾರೆ. 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ಆಗಿದ್ರೆ ಮೂರು ಸಾಕ್ಷಿ ಬೇಕೇ ಬೇಕು, ಹಾಗಾಗಿ ನಿಮಗೆ ಯಾರೂ ಮಿಸ್ ಆಗಿಲ್ಲ.

ತೊಣ್ಣೂರ್_ಕೆರೆ, ಪಾಂಡವಪುರ
ಅಗ್ನಿಸಾಕ್ಷಿಯಾಗಿ ಆದೋರು ಅಗ್ನೀನೂ ಒಬ್ಬ ಪರ್ಸನ್ ಅಂತ ಸೇರ್ಸಬೇಕಾ 😀 ತಮಾಷೆ ಬುಡಿ, ನನ್ ಕಷ್ಟ ಬೇರೆ. ನಮ್ ಅಜ್ಜಿ ಕಾಲದ್ದು ಊರ ಚಪ್ಪರದ ಮದುವೆ, ರಿಜಿಸ್ಟರ್ ಎಲ್ಲಿಂದ ಬರ್ಬೇಕು. ಇರೋದು ಮುಯ್ಯಿ ಬರೆದ ಪುಸ್ತಕ ಒಂದೇ, ಅದ್ರಲ್ಲಿ ಇರೋರ್ನೆಲ್ಲ ವಿಟ್ನೆಸ್ ಅಂತ ಹಾಕ್ಬಿಡ್ಲಾ?

ಒಂಟಿಕೊಪ್ಪಲ್_ಮೇಡಂ
ದಯವಿಟ್ಟು ಬೇಡಪ್ಪ. ಸಹಿ ಹಾಕಿದೋರು ಮಾತ್ರ ಸಾಕ್ಷಿ, ಮುಯ್ಯಿ ಕೊಟ್ಟು ಊಟ ಮಾಡಿ ಹೋದೋರು ಅಲ್ಲ. ರೋಲ್ ಅನ್ನೋ ಜಾಗದಲ್ಲಿ ನಾವೇ ಟೈಪ್ ಮಾಡಬಹುದು, ನಾನು "ಧಾರೆ ಎರೆದವರು", "ಸೋದರಮಾವ", "ಮುಯ್ಯಿ" ಅಂತ ಕನ್ನಡದಲ್ಲೇ ಇಟ್ಕೊಂಡಿದೀನಿ. ಮುಯ್ಯಿ ಪುಸ್ತಕದಲ್ಲಿ ಹೆಸರಿನ ಜೊತೆ ಊರು ಬರೆದಿರ್ತಾರಲ್ಲ, ಹೆಣ್ಣು ಕೊಟ್ಟ ಊರುಗಳು ನನಗೆ ಅಲ್ಲೇ ಸಿಕ್ಕಿದ್ದು.

ಇನ್ನೊಂದು, ಫೈಲನ್ನ ಬೇರೆ ಸಾಫ್ಟ್‌ವೇರಿಗೆ ಅಂತ ಜೆಡ್‌ಕಾಮ್ (ವಂಶಾವಳಿ ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸೋ ಫೈಲ್ ಫಾರ್ಮ್ಯಾಟ್) ಮಾಡಿ ಕಳ್ಸಿದ್ರೆ ಗ್ರಾಂಪ್ಸ್‌ನಲ್ಲಿ ಶೇರ್ ಮಾಡಿದ ಸಾಕ್ಷಿಗಳು ಉದುರಿ ಹೋಗ್ತಾರೆ. ಜೆಡ್‌ಕಾಮ್‌ನ ಹಳೇ 5.5.1 ಆವೃತ್ತೀಲಿ ಒಬ್ಬರಿಂದ ಒಬ್ಬರಿಗೆ ಸಂಬಂಧ ಹಾಕಬಹುದಿತ್ತೇ ಹೊರತು ಮದುವೆಗೇ ಅಂಟಿಸೋಕೆ ಆಗ್ತಿರ್ಲಿಲ್ಲ, 2021ರಲ್ಲಿ ಬಂದ 7.0ದಲ್ಲಿ ಸರಿ ಮಾಡಿದಾರೆ. ಸಾಕ್ಷಿಗಳು ಉದುರಬಾರ್ದು ಅಂದ್ರೆ ಬ್ಯಾಕಪ್ ಗ್ರಾಂಪ್ಸ್‌ದೇ ಎಕ್ಸ್‌ಎಂಎಲ್‌ನಲ್ಲಿ ಇಡಿ, ನೋಟನ್ನೂ ಅಳಿಸ್ಬೇಡಿ. ಸಾಕ್ಷಿಯವ್ರು ಬದುಕಿದ್ರೆ ಬೀಗದ ಗುರುತು ಒತ್ತಿ ಪ್ರೈವೇಟ್ ಮಾಡಿ, ನಾವು ಕೇಳಿ ಹಾಕ್ತಿಲ್ವಲ್ಲ.

ಸಕ್ಕರೆನಾಡು_ಹೈದ, ಮಂಡ್ಯ
ಥ್ಯಾಂಕ್ಸ್ ಸಾರ್, ಥ್ಯಾಂಕ್ಸ್ ಮೇಡಂ, ಮೂರು ಜನಾನೂ ಹಾಕ್ದೆ. ಆಮೇಲೆ ಹೆಸ್ರು ಹಿಡ್ಕೊಂಡು ಹುಡುಕ್ತಾ ಹೋದ್ರೆ ಮೊದಲ್ನೇ ಸಾಕ್ಷಿ ಚಿಕ್ಕಪ್ಪನ ಹಳೇ ಬ್ಯಾಂಕ್ ಸಾಲದ ಪತ್ರದಲ್ಲೂ ಜಾಮೀನು ಹಾಕಿದಾರೆ! ಚಿಕ್ಕಮ್ಮನ್ನ ಕೇಳಿದ್ರೆ, ಮನೆಯವ್ರು ಬಾಗಿಲು ಹಾಕ್ಕೊಂಡಾಗ ಎರಡು ತಿಂಗಳು ಅವ್ರ ಮನೇಲೇ ಇದ್ರಂತೆ, ಇಷ್ಟು ವರ್ಷ ನಮ್ ಮನೇಲಿ ಆ ಹೆಸ್ರೇ ಯಾರೂ ಎತ್ತಿಲ್ಲ. ಎರಡನೇದು ಅವ್ರ ತಮ್ಮ. ಮೂರನೇ ಸಹಿ ಯಾರದ್ದು ಚಿಕ್ಕಮ್ಮ ಅಂದ್ರೆ, ಬರಬೇಕಾದೋರು ಬಸ್ ಸಿಗದೆ ಬರ್ಲಿಲ್ಲ, ಆಫೀಸ್ ಹೊರಗಡೆ ಕೂತಿದ್ದ ಪತ್ರ ಬರೆಯೋರನ್ನ ಕರ್ಕೊಂಡ್ಬಂದು ಸಹಿ ಹಾಕ್ಸಿದ್ವಿ, ಕಾಫಿ ಕುಡಿಸಿ ಕಳಿಸಿದ್ವಿ ಅಂದ್ರು. ಅವ್ರನ್ನೂ ಹಾಕಿದೀನಿ, ನೋಟಲ್ಲಿ ಕಾಫಿ ಸಮೇತ.